ಮಗ್ಗ ನಿಂತ ದಿನದ ತಲೆನೋವು

ದೊಡ್ಡಬಳ್ಳಾಪುರ
6 ಡಿಸೆಂಬರ್ 2025, ಶನಿವಾರ

ಶಕುಂತಲಾ,

ಹೇಗಿದ್ದೀಯ? ನಿಮ್ಮಕ್ಕನ ಸೊಂಟ ಹೇಗಿದೆ? ವಾಕರ್ ಹಿಡಿದು ನಡುಮನೆಯಿಂದ ಬಾಗಿಲವರೆಗೆ ಬರುತ್ತಾರೆ ಎಂದು ಶಶಿ ಹೇಳಿದ. ಆದಿಲಕ್ಷ್ಮಮ್ಮನವರ ಸ್ವಭಾವಕ್ಕೆ ಅಷ್ಟು ದಿನ ಹಾಸಿಗೆಯಲ್ಲಿ ಮಲಗಿದ್ದೇ ದೊಡ್ಡದು. ನಿನ್ನ ಮಂಡಿನೋವು ಹೇಗಿದೆ? ಧರ್ಮಾವರದ ನೀರು ಒಗ್ಗಿತೋ, ಮುದ್ದೆ ಸಿಗುತ್ತದೋ, ಮೂರು ಹೊತ್ತೂ ಅನ್ನವೋ? ಇಲ್ಲಿ ಬೆಳಗಿನ ಹೊತ್ತು ಮಂಜು ಬೀಳುತ್ತಿದೆ. ಅವರೆಕಾಯಿ ಬಂದಿದೆ. ತಂದವರಿಲ್ಲ, ಸುಲಿಯುವವರೂ ಇಲ್ಲ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಅರ್ಧ ಕ್ಷೇಮ ಎಂದು ಬರೆಯುತ್ತೇನೆ. ಉಳಿದ ಅರ್ಧವನ್ನು ಹೇಳುವುದಕ್ಕೇ ಈ ಕಾಗದ.

ಫೋನಿನಲ್ಲಿ ಮಾತಾಡುವುದು ನನ್ನಿಂದ ಆಗದು ಎಂದು ನಿನಗೆ ಗೊತ್ತಿರುವುದೇ. ನಲವತ್ತು ವರ್ಷದ ಮಗ್ಗ ಕಿವಿಯನ್ನು ತಿಂದುಹಾಕಿದೆ. ಕಿವಿಗೆ ಹಾಕುವ ಮಷಿನ್ ಹಾಕಿಕೊಂಡರೆ ಫ್ಯಾನಿನ ಸದ್ದು ಕೇಳುತ್ತದೆ, ಮನುಷ್ಯರ ಮಾತು ಕೇಳುವುದಿಲ್ಲ. ಎದುರಿಗೆ ನಿಂತವರ ಬಾಯಿ ನೋಡಿ ಮಾತು ತಿಳಿಯುವ ಅಭ್ಯಾಸ ನಮ್ಮ ಬೀದಿಯವರಿಗೆಲ್ಲ ಇದೆ, ಫೋನಿಗೆ ಬಾಯಿಲ್ಲ. ಶಶಿ ನಿನಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. "ಹೆಣ್ಣು ಮಗು ಕಣಮ್ಮ, ಇಬ್ರೂ ಚೆನ್ನಾಗವ್ರೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅವನೇ ಅಳುತ್ತಿದ್ದ. ನೀನು ಅದಕ್ಕೆ, ನಾಮಕರಣಕ್ಕೆ ಬರ್ತೀನಿ, ಅಲ್ಲೀವರೆಗೂ ಕರೀಬೇಡ ಎಂದೆಯಂತೆ. ನಿನ್ನನ್ನು ಅಷ್ಟರವರೆಗೆ ಬಿಡುವ ಹಾಗಿಲ್ಲ. ಬಾಣಂತಿ ಸ್ನೇಹಳ ಜೊತೆ ಇರುವುದಕ್ಕೆ ನೀನು ಈಗಲೇ ಬರಬೇಕು. ಯಾಕೆ ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ, ಪೂರ್ತಿ ಓದು. ಆ ಮನೆಯಲ್ಲಿ ಕನ್ನಡ ಓದುವವಳು ನೀನೊಬ್ಬಳೇ. ನಿಮ್ಮಕ್ಕನ ಮೊಮ್ಮಗಳು ಹರ್ಷಿತಳಿಗೆ ತೆಲುಗು ಇಂಗ್ಲಿಷು ಬಿಟ್ಟರೆ ಬೇರೆ ಬಾರದು. ಆದ್ದರಿಂದ ನಾನೂ ಮುಚ್ಚಿಡದೆ ಬರೆಯಬಹುದು.

ನೀನು ಹೊರಟದ್ದು ಸೊಸೆಯ ಸೀಮಂತ ಮುಗಿದ ವಾರ. ಅಷ್ಟು ಹೊತ್ತಿಗೆ ಸ್ನೇಹಳ ಪಾದ ಊದಿಕೊಂಡಿದ್ದವು. ನೀನೂ ನೋಡಿದ್ದೆ. ಬಸುರಿಯ ಕಾಲು ಊದದೆ ಇನ್ನೇನು ಎಂದು ಎಲ್ಲರೂ ಅಂದೆವು. ಆಮೇಲೆ ಕೈಯೂ ಊದಿತು. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಗಳು ಮೊದಲು ಆಡುತ್ತಿದ್ದವು, ಬರಬರುತ್ತ ಮಣಿಕಟ್ಟಿನ ಮೇಲೆ ಅಂಟಿಕೊಂಡವು. ನೋಡಲು ಬಂದ ಬೀಗಿತ್ತಿ ಅಂಜಿನಮ್ಮನವರು ಮಗಳ ಕೈ ಹಿಡಿದು, "ನೋಡಿ ಬೀಗ್ರೇ, ನಿಮ್ಮನೆ ಊಟಕ್ಕೆ ಕೈ ತುಂಬ್ಕೊಂಡೈತೆ" ಎಂದು ನಕ್ಕರು. ಅವರು ತೂಬಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಹೆಂಗಸರ ಮೈಕಟ್ಟನ್ನು ಕಣ್ಣಳತೆಯಲ್ಲೇ ಹೇಳುವವರು. ಅವರೇ ಅಂದಮೇಲೆ ನಾನು ಇನ್ನೇನು ಹೇಳಲಿ.

ತಲೆನೋವು ಶುರುವಾದದ್ದು ಅದಾದ ಮೇಲೆ. ನಮ್ಮ ಬೀದಿಯಲ್ಲಿ ತಲೆನೋವು ಎಂದರೆ ಯಾರೂ ತಿರುಗಿ ನೋಡುವುದಿಲ್ಲವಲ್ಲ. ಹೊರಗಿನಿಂದ ಬಂದ ಪ್ರತಿ ಸೊಸೆಗೂ ಮೊದಮೊದಲು ಪವರ್‌ಲೂಮಿನ ಸದ್ದಿಗೆ ತಲೆ ಸಿಡಿಯುತ್ತದೆ, ಕಿವಿ ಪಳಗಿದ ಮೇಲೆ ಹೋಗುತ್ತದೆ. ಎದುರು ಮನೆಯ ದೊಡ್ಡಮುನಿಯಪ್ಪ ಜಗಲಿಯ ಮೇಲೆ ಕೂತು, "ನಮ್ಮ ಬೀದಿಗೆ ಬಂದ ಸೊಸೇರಿಗೆ ಮೊದ್ಲು ತಲೆನೋವು, ಆಮೇಲೆ ಮಗು. ನಿಮ್ಮ ಸ್ನೇಹಂಗೆ ಎರಡೂ ಒಂದೇ ದಪ ಬಂದೈತೆ, ಉಳಿತಾಯ ಆಯ್ತು ಬುಡು" ಎಂದ. ಸ್ನೇಹಳೂ ನಕ್ಕಳು. ನಾನೂ ನಕ್ಕೆ. ಅವಳು ಮಲಗುವ ಕೋಣೆಯ ಗೋಡೆಯ ಆಚೆಗೇ ನಮ್ಮ ಮಗ್ಗಗಳು. ಶಶಿ ಗೋಡೆಯ ಪಕ್ಕದ ಮಗ್ಗವನ್ನು ನಿಲ್ಲಿಸಿದ. ಹೆಂಡತಿಗೋಸ್ಕರ ಮಗ್ಗ ನಿಲ್ಲಿಸಿದ ಮೊದಲ ಗಂಡ ಎಂದು ಬೀದಿಯವರು ಅವನನ್ನು ರೇಗಿಸಿದರು. ಒಂದು ಮಗ್ಗ ನಿಂತರೂ ಉಳಿದವು ಓಡುತ್ತಿದ್ದವಲ್ಲ, ಅದಕ್ಕೇ ತಲೆನೋವು ಹೋಗಿಲ್ಲ ಎಂದುಕೊಂಡೆವು.

ತಪಾಸಣೆಗೆ ಹೋಗಿರಲಿಲ್ಲ ಎಂದಲ್ಲ. ಆಶಾ ಕಾರ್ಯಕರ್ತೆ ಸಿಂಧು ಬಂದು ಕರೆದುಕೊಂಡು ಹೋಗಿದ್ದಳು. ಬಿಪಿ ಸ್ವಲ್ಪ ಮೇಲಿದೆ, ನೂರ ನಲವತ್ತು ತೊಂಬತ್ತು ಎಂದು ಬರೆದು, ಮಾತ್ರೆ ಕೊಟ್ಟು, ವಾರ ಬಿಟ್ಟು ಮತ್ತೆ ಬರಬೇಕು ಎಂದಿದ್ದರು. ಮಾತ್ರೆಯನ್ನು ಸ್ನೇಹ ತಪ್ಪಿಸದೆ ತೆಗೆದುಕೊಂಡಳು. ಆದರೆ ಮನೆಯಲ್ಲಿ ನಾವು ಒಂದು ಲೆಕ್ಕ ಹಾಕಿದೆವು. ಅದನ್ನು ಹಾಕಿದ್ದು ಶಶಿ, ಒಪ್ಪಿದ್ದು ಎಲ್ಲರೂ. ಮಗ್ಗದ ಸದ್ದಿನಲ್ಲಿ ಕೂತಿದ್ದವಳು ಎದ್ದು ನೇರವಾಗಿ ಆಸ್ಪತ್ರೆಗೆ ಹೋದರೆ ಬಿಪಿ ಮೇಲೇರದೆ ಇರುತ್ತದೆಯೇ? ಹೇಗೂ ಅಮಾವಾಸ್ಯೆ ಬರುತ್ತಿದೆ. ಅವತ್ತು ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತವೆ. ಮನೆ ತಣ್ಣಗಿರುತ್ತದೆ, ಶಶಿಗೂ ಬಿಡುವು. ಅವತ್ತೇ ಹೋದರೆ ಮಷಿನ್ ನಿಜವಾದ ಬಿಪಿ ತೋರಿಸುತ್ತದೆ. ಹೀಗೆಂದು ವಾರಕ್ಕೆ ಹೋಗಬೇಕಾದದ್ದನ್ನು ಅಮಾವಾಸ್ಯೆಗೆ ತಳ್ಳಿದೆವು. ಸಿಂಧು ಎರಡು ಸಲ ಬಾಗಿಲಿಗೆ ಬಂದು ಕೇಳಿದಳು. "ಗುರುವಾರ ಬರ್ತೀವಿ ಕಣಮ್ಮ, ಮಗ್ಗ ರಜಾ" ಎಂದು ನಾನೇ ಹೇಳಿ ಕಳಿಸಿದೆ. ಬೇರೆ ಕಸುಬಿನವರಾಗಿದ್ದರೆ ಹೀಗೆ ಯೋಚಿಸುತ್ತಿರಲಿಲ್ಲವೇನೋ.

ಅಮಾವಾಸ್ಯೆಯ ಬೆಳಗ್ಗೆ ನಾನು ಎದ್ದಾಗ ಕಾಲಿನ ಕೆಳಗೆ ನೆಲ ಅದುರುತ್ತಿರಲಿಲ್ಲ. ನನಗೆ ಮಗ್ಗ ನಿಂತದ್ದು ತಿಳಿಯುವುದು ಹಾಗೆಯೇ. ಹಜಾರದಲ್ಲಿ ಕೂತು ಪೇಪರ್ ಓದುತ್ತಿದ್ದೆ. ಸ್ನೇಹ ಗೋಡೆ ಹಿಡಿದುಕೊಂಡು ಬಂದಳು. ಮುಖ ಉಬ್ಬಿತ್ತು, ಕಣ್ಣಿನ ರೆಪ್ಪೆಗಳೂ ಊದಿದ್ದವು. ನನ್ನ ಎದುರಿಗೆ ಬಗ್ಗಿ, ಬಾಯಿ ಕಾಣುವ ಹಾಗೆ ನಿಧಾನವಾಗಿ, "ಮಾವ, ಮಗ್ಗ ನಿಂತೈತೆ. ನನ್ ತಲೆ ನಿಂತಿಲ್ಲ" ಎಂದಳು. ನಾನು ತಪ್ಪು ತಿಳಿದುಕೊಂಡೆನೇನೋ ಎಂದು ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದಳು. ಬೆಳಗ್ಗೆಯಿಂದ ಕಣ್ಣ ಮುಂದೆ ಮಿಣುಕು ಮಿಣುಕು ಬೆಳಕು, ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದ ಹಾಗೆ ನೋವು, ಪೇಪರಿನ ದೊಡ್ಡ ಅಕ್ಷರವೂ ಕಾಣುತ್ತಿಲ್ಲ ಎಂದಳು. ಬೀದಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ ಶಕುಂತಲಾ. ದೂರಲು ಬೇರೆ ಏನೂ ಉಳಿದಿರಲಿಲ್ಲ.

ಅಂಜಿನಮ್ಮನವರು ಹಿಂದಿನ ದಿನವೇ ಬಂದಿದ್ದರು. ಅಮಾವಾಸ್ಯೆಯ ದಿನ ತುಂಬಿದ ಬಸುರಿಯನ್ನು ಹೊಸಿಲು ದಾಟಿಸಬಾರದು, ಒಂದು ಹೊತ್ತು ತಡೆದು ನಾಳೆ ಬೆಳಗ್ಗೆ ಹೋಗೋಣ, ತಲೆಗೆ ಹರಳೆಣ್ಣೆ ಹಚ್ಚುತ್ತೇನೆ ಎಂದರು. ಶಶಿ ಅತ್ತೆಯ ಮುಖ ನೋಡಿದ, ನನ್ನ ಮುಖ ನೋಡಿದ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆತ್ತವರಿಗೆ ಹೆದರಿಕೆ ಬಂದಾಗ ಕೈಗೆ ಸಿಕ್ಕ ಶಾಸ್ತ್ರವನ್ನು ಹಿಡಿದುಕೊಳ್ಳುತ್ತಾರೆ. ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದು ಆಟೋ ಕರೆದೆ. ಬೀಗಿತ್ತಿ ಏನೋ ಕೂಗಿದರಂತೆ. ಹಿಂದಿನಿಂದ ಕೂಗಿದ್ದು ನನಗೆ ಕೇಳುವುದಿಲ್ಲ. ಅವತ್ತು ಅದೊಂದು ಅನುಕೂಲವಾಯಿತು. ಆಟೋ ಏರಿದ ಮೇಲೆ ಅವರೂ ಹತ್ತಿ ಕೂತು ದಾರಿಯುದ್ದಕ್ಕೂ ಮಗಳ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡಿದ್ದರು.

ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ನೋಡಿದರು. ನೂರ ಎಪ್ಪತ್ತರ ಮೇಲೆ, ಕೆಳಗಿನದು ನೂರ ಹತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಆಮೇಲೆ ಯಾರೂ ನಡೆಯಲಿಲ್ಲ, ಎಲ್ಲರೂ ಓಡಿದರು. ಲೇಡಿ ಡಾಕ್ಟರ್ ವಯಸ್ಸಿನಲ್ಲಿ ಸ್ನೇಹಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೇ. ನನಗೆ ಕಿವಿ ಕೇಳದು, ಮಾಸ್ಕ್ ಇಳಿಸಿ ಹೇಳಿ ತಾಯಿ ಎಂದೆ. ಇಳಿಸಿ ಹೇಳಿದರು. ಬಸುರಿನಲ್ಲಿ ಬರುವ ಬಿಪಿ ಇದು, ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ. ಮಿದುಳು, ಕಿಡ್ನಿ, ಲಿವರ್ ಎಲ್ಲಕ್ಕೂ ಪೆಟ್ಟು ಕೊಡುತ್ತದೆ. ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು. ಫಿಟ್ಸ್ ಬರದಂತೆ ಈಗ ಇಂಜೆಕ್ಷನ್ ಕೊಡುತ್ತೇವೆ, ಬಿಪಿ ಇಳಿಸಲು ಔಷಧಿ ಕೊಡುತ್ತೇವೆ, ಕೊಟ್ಟು ಬೆಂಗಳೂರಿಗೆ ಕಳಿಸುತ್ತೇವೆ, ಹೆರಿಗೆ ಆಗುವವರೆಗೆ ಇದಕ್ಕೆ ಪೂರ್ತಿ ಪರಿಹಾರವಿಲ್ಲ ಎಂದರು. ಮಗು ಇನ್ನೂ ಬಲಿತಿಲ್ಲವಲ್ಲ ಎಂದೆ. "ಮಗೂನ ನೋಡ್ಕೊಳ್ಳೋಕೆ ವಾರ್ಡ್ ಇದೆ ಅಜ್ಜ. ತಾಯಿ ಉಳೀಬೇಕು" ಎಂದರು.

ಸೂಜಿ ಹಾಕುವಾಗ ಬಳೆ ಅಡ್ಡ ಬಂದವು. ಊದಿದ ಕೈಗೆ ಗಾಜು ಕಚ್ಚಿಕೊಂಡಿತ್ತು. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಜಾರಲಿಲ್ಲ. ಒಡೆಯಬೇಕು ಎಂದು ನರ್ಸ್ ಅಂದಾಗ ಬೀಗಿತ್ತಿ ಅವರ ಕೈ ಹಿಡಿದುಕೊಂಡುಬಿಟ್ಟರು. ಸೀಮಂತದ ಬಳೆ, ಹೆರಿಗೆಗೆ ಮುಂಚೆ ಗಂಡನಿರುವವಳ ಕೈಯಿಂದ ಒಡೆದು ತೆಗೆಯುವುದೆಂದರೆ ಯಾವ ತಾಯಿಗೆ ಆಗುತ್ತದೆ. ಸ್ನೇಹಳೇ ಹೇಳಿದಳು, "ಒಡೀರಿ ಸಿಸ್ಟರ್, ಆಮೇಲೆ ಇನ್ನೊಂದ್ ಡಜನ್ ತೊಟ್ಕೋತೀನಿ." ಹತ್ತಿ ಸುತ್ತಿ, ಕತ್ತರಿಯ ಹಿಡಿಯಿಂದ ಒಂದೊಂದನ್ನೇ ಒಡೆದರು. ಬೀಗಿತ್ತಿ ಗೋಡೆಯ ಕಡೆ ತಿರುಗಿ ನಿಂತಿದ್ದರು. ನಾನು ನೋಡಿದೆ. ಯಾರಾದರೂ ಒಬ್ಬರು ನೋಡಿರಬೇಕು ಎನಿಸಿತು.

ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ಬೆಂಕಿ ಹರಿದ ಹಾಗಾಯಿತಂತೆ. 108ರಲ್ಲಿ ನರ್ಸ್ ಜೊತೆಗೆ ಬಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಾರನೆಯ ದಿನ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಒಂದೂವರೆ ಕಿಲೋ ತೂಕ. ಮೊದಲ ಸಲ ಗಾಜಿನ ಆಚೆಯಿಂದ ನೋಡಿದಾಗ ನನಗೆ ಮಗುವಿನ ಕೈ ಕಾಲಿಗಿಂತ ಅದಕ್ಕೆ ಚುಚ್ಚಿದ್ದ ನಳಿಕೆಗಳೇ ದಪ್ಪವಾಗಿ ಕಂಡವು. ಈಗ ಹಾಲು ನುಂಗುತ್ತಿದೆ, ತೂಕ ಏರುತ್ತಿದೆ. ಮೂಗು ನಿನ್ನದೇ ಎಂದು ಶಶಿ ಹೇಳುತ್ತಾನೆ. ಇನ್ನೂ ಮೂಗು ಎನ್ನುವಷ್ಟು ಅಲ್ಲಿ ಏನೂ ಇಲ್ಲ. ಫಿಟ್ಸ್ ಬರಲಿಲ್ಲ. ಅದೊಂದು ಪುಣ್ಯ. ಬೆಂಗಳೂರಿನಿಂದ ತಾಯಿ ಮಗು ಇಬ್ಬರನ್ನೂ ಮತ್ತೆ ಇಲ್ಲಿನ ಆಸ್ಪತ್ರೆಗೆ ಕಳಿಸಿದ್ದಾರೆ. ಬೆಂಗಳೂರಿನಲ್ಲಿದ್ದಷ್ಟು ದಿನ ನಾನೂ ಶಶಿಯೂ ಸರದಿಯ ಮೇಲೆ ಆಸ್ಪತ್ರೆಯ ವರಾಂಡದಲ್ಲಿ ಮಲಗಿದೆವು. ಅಲ್ಲಿನ ಸೆಕ್ಯುರಿಟಿಯವನು ಎಷ್ಟು ಕೂಗಿದರೂ ನಾನು ಏಳುವುದಿಲ್ಲ ಎಂದು ನನಗೆ ಕುಂಭಕರ್ಣ ಎಂದು ಹೆಸರಿಟ್ಟಿದ್ದನಂತೆ. ನಿದ್ದೆ ಮಾಡಿದ್ದು ಅಷ್ಟರಲ್ಲೇ ಇದೆ. ಕೂತಲ್ಲೇ ಕಣ್ಣು ಮುಚ್ಚುತ್ತದೆ, ಮಲಗಿದರೆ ತೆರೆದುಕೊಳ್ಳುತ್ತದೆ. ವಯಸ್ಸಾಯಿತು.

ಈಗ ಉಳಿದರ್ಧ. ಹೆರಿಗೆಯಾದರೆ ಬಿಪಿ ಇಳಿದುಬಿಡುತ್ತದೆ, ಕಂಟಕ ಕಳೆಯಿತು ಎಂದು ನಾವೆಲ್ಲ ತಿಳಿದಿದ್ದೆವು. ಹಾಗಾಗಲಿಲ್ಲ. ಮೂರು ದಿನ ಇಳಿದಿದ್ದು ಮತ್ತೆ ಏರಿತು. ಮಾತ್ರೆ ಬದಲಾಯಿಸಿದರು. ಈಗ ನೂರ ನಲವತ್ತು, ನೂರ ಐವತ್ತರ ನಡುವೆ ಓಡಾಡುತ್ತಿದೆ. ಬಾಣಂತಿಗೂ ಇದರಿಂದ ಫಿಟ್ಸ್ ಬರಬಹುದು, ಆರು ವಾರ ಕಣ್ಣಿಟ್ಟು ನೋಡಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ತಲೆನೋವು, ಕಣ್ಣು ಮಂಜು, ಉಸಿರುಕಟ್ಟು, ಹೊಟ್ಟೆಯ ಮೇಲ್ಭಾಗದ ನೋವು, ಇವುಗಳಲ್ಲಿ ಯಾವುದು ಕಂಡರೂ ಹೊತ್ತು ನೋಡದೆ ಕರೆತರಬೇಕು. ಮಾತ್ರೆ ನಿಲ್ಲಿಸಬಾರದು. ಮಾತ್ರೆಯಿಂದ ಎದೆಹಾಲು ಬತ್ತುತ್ತದೆಯೇ ಎಂದು ನಿನ್ನ ಪರವಾಗಿ ನಾನೇ ಕೇಳಿದೆ. ಬತ್ತುವುದಿಲ್ಲ, ಹಾಲು ಕೊಡುವ ತಾಯಿ ತೆಗೆದುಕೊಳ್ಳಬಹುದಾದ ಮಾತ್ರೆಯನ್ನೇ ಕೊಟ್ಟಿದ್ದೇವೆ ಎಂದರು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಬೇಡ ಎಂದೂ ಹೇಳಿದರು.

ಸೋಮವಾರ ಮನೆಗೆ ಕಳಿಸುತ್ತಾರೆ. ಮೊದಲ ಬಾಣಂತನ ತವರಿನಲ್ಲಿ, ತೂಬಗೆರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಬೀಗಿತ್ತಿ ಹಟ ಹಿಡಿದರು. ನ್ಯಾಯವಾಗಿ ಅದು ಅವರ ಹಕ್ಕು. ಆದರೆ ದಿನ ಬಿಟ್ಟು ದಿನ ಬಿಪಿ ನೋಡಬೇಕು, ಮಗುವಿನ ತೂಕ ನೋಡಬೇಕು, ಆಸ್ಪತ್ರೆ ಹತ್ತಿರವಿರಲಿ ಎಂದು ಡಾಕ್ಟರ್ ಹೇಳಿದ್ದರಿಂದ ನಮ್ಮ ಮನೆಯೇ ಎಂದು ತೀರ್ಮಾನವಾಯಿತು. ಇದಕ್ಕೆ ಬೀಗಿತ್ತಿ, "ನಿಮ್ಮ ಮನೇಲಿ ತಲೆನೋವಿಗೂ ಪಾಳಿ ಕಟ್ಟಿ ಅಮಾಸೆಗೆ ಕಾಯ್ತೀರ. ಯಾರ್ನ ನಂಬಿ ಬಿಡ್ಲಿ ನಾನು" ಎಂದರು. ಅವರು ಒಂದು ವಾರ ಇದ್ದು ಅಂಗಡಿಗೆ ಹೋಗಲೇಬೇಕು, ಅವರ ಯಜಮಾನರು ಒಬ್ಬರೇ ಇದ್ದಾರೆ. ಸ್ನೇಹಳಿಗೆ ಮುಂದಿನ ಕೋಣೆ ಖಾಲಿ ಮಾಡಿಸಿದ್ದೇನೆ, ಮಗ್ಗದ ಗೋಡೆಯ ಪಕ್ಕ ಬೇಡ. ಆದರೆ ಮಗ್ಗವನ್ನು ಆರು ವಾರ ನಿಲ್ಲಿಸಲು ಆಗದು. ಮಗ್ಗ ಓಡುವಾಗ ಅವಳು ಕರೆದರೆ ಶಶಿಗೆ ಕೇಳದು, ಮಗ್ಗ ನಿಂತಾಗ ಕರೆದರೂ ನನಗೆ ಕೇಳದು. ಕೋಣೆಯಲ್ಲಿ ಒಬ್ಬರು ಬೇಕು. ಬರೀ ಒಬ್ಬರಲ್ಲ, ನೀನು. ನಿನ್ನೆ ಸ್ನೇಹ ಕೇಳಿದಳು, "ಅತ್ತೆಗೆ ನನ್ ಮೇಲೆ ಬೇಜಾರಾ ಮಾವ? ಬಳೆ ಶಾಸ್ತ್ರದ ದಿನಾನೂ ಅವ್ರು ಅಡುಗೆಮನೆಯಿಂದ ಈಚೆಗೆ ಬರ್ಲಿಲ್ಲ." ಇಲ್ಲ ಕಣಮ್ಮ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಅದು ನನ್ನ ವಿಷಯವಲ್ಲ, ನಿನ್ನದು.

ನೀನು ಯಾಕೆ ಬರುವುದಿಲ್ಲ ಎನ್ನುತ್ತೀಯೋ ಅದು ನನಗೆ ಗೊತ್ತು. ನಿಮ್ಮಕ್ಕ ಬಿದ್ದದ್ದು ನಿಜ, ಅವರ ಸೊಂಟ ಮುರಿದದ್ದು ನಿಜ. ಆದರೆ ಆ ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು ಹರ್ಷಿತ ಎಲ್ಲರೂ ಇದ್ದಾರೆ. ನೀನು ಹೊರಟದ್ದು ಸೊಸೆಯ ಹೆರಿಗೆಯ ಹೊತ್ತಿಗೆ ನಿನ್ನ ನೆರಳು ಮನೆಯಲ್ಲಿ ಇರಬಾರದು ಎಂದು. ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಮುಖ ನೋಡಿಯೇ ತಿಳಿಯಿತು. ಕೇಳಲಿಲ್ಲ. ನಮ್ಮಿಬ್ಬರ ನಡುವೆ ಆ ಮಾತು ಬಂದು ಯಾವ ಕಾಲವಾಯಿತು.

ಬರೆದೇ ಬಿಡುತ್ತೇನೆ. ಆಗ ನಮ್ಮದು ಕೈಮಗ್ಗ. ನಿನಗೆ ಹತ್ತೊಂಬತ್ತು, ಮೊದಲ ಬಸುರು. ಮದುವೆಯ ಸೀರೆಯೊಂದು ಮಗ್ಗದ ಮೇಲಿತ್ತು, ಸೆರಗು ಒಂದು ಗೇಣು ಉಳಿದಿತ್ತು, ಬೆಳಗ್ಗೆ ಕೊಡಬೇಕಿತ್ತು. ಅಮಾವಾಸ್ಯೆ ಎಂದು ಎಲ್ಲರೂ ಎದ್ದುಹೋದ ಮೇಲೆ ನೀನು ಬಾಗಿಲು ಹಾಕಿಕೊಂಡು ಕೂತು ನೇಯ್ದು ಮುಗಿಸಿದೆ. ಆ ವಾರವೇ ನಿನ್ನ ಕೈಕಾಲು ಮುಖ ಊದಿತು, ತಲೆ ಎತ್ತಲಾರದಷ್ಟು ನೋವು, ಕಣ್ಣು ಕತ್ತಲೆ ಎಂದೆ. ಆಮೇಲೆ ಸನ್ನಿ ಬಂದು ಮೈ ಸೆಟೆದುಕೊಂಡಿತು. ನಮ್ಮವ್ವ ಬೂದಿ ಹಚ್ಚಿಸಿದಳು, ದಾರ ಕಟ್ಟಿಸಿದಳು. ಆಸ್ಪತ್ರೆಗೆ ತಲುಪುವ ಹೊತ್ತಿಗೆ ಗಂಡು ಮಗು ಹೊಟ್ಟೆಯಲ್ಲೇ ಹೋಗಿತ್ತು. ನೀನು ಉಳಿದೆ. "ಅಮಾಸೆ ದಿನ ಮಗ್ಗ ಮುಟ್ಟಿದ್ಲು, ಮಗೂನ ಮಗ್ಗ ತಕ್ಕಂತು" ಎಂದು ನಮ್ಮವ್ವ ಅಂದದ್ದು ಬೀದಿಯ ಮಾತಾಯಿತು. ಶಶಿ ಹುಟ್ಟಿದ ಮೇಲೂ ಆ ಮಾತು ಅಳಿಯಲಿಲ್ಲ. ಯಾವ ಮನೆಯ ಬಸುರಿಗೂ ನೀನು ಅರಿಶಿನ ಹಚ್ಚಿದ್ದು ನಾನು ನೋಡಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಕೂತು ನಾನು ಯೋಚಿಸಿದ್ದು ಇದನ್ನೇ. ಸ್ನೇಹಳಿಗೆ ಕಂಡ ಗುರುತುಗಳು, ನಿನಗೆ ಅವತ್ತು ಕಂಡ ಗುರುತುಗಳು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಸ್ನೇಹ ಅಮಾವಾಸ್ಯೆಯ ದಿನ ಮಗ್ಗ ಮುಟ್ಟಿರಲಿಲ್ಲ, ಬೇರೆ ದಿನವೂ ಮುಟ್ಟಿದವಳಲ್ಲ. ಆದರೆ ನಾನು ಡಾಕ್ಟರಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದು ನಿನಗೆ ಸಮಾಧಾನ ಹೇಳಲಾರೆ. ಅಂಥ ಸಮಾಧಾನ ಎರಡು ದಿನವೂ ನಿಲ್ಲುವುದಿಲ್ಲ. ಆದ್ದರಿಂದ ಇಷ್ಟನ್ನೇ ಕೇಳುತ್ತೇನೆ. ಸ್ನೇಹಳ ಕೋಣೆಯಲ್ಲಿ ಕೂತು ಅವಳ ಮುಖ ನೋಡಿ ಹೇಳುವವರು ಬೇಕು. ಆ ಊತ, ಆ ನೋವು ಹೇಗಿರುತ್ತದೆ ಎಂದು ಮೈಯಿಂದ ತಿಳಿದವಳು ಈ ಮನೆಯಲ್ಲಿ ನೀನೊಬ್ಬಳು. ಅವಳು ಸಂಕೋಚಕ್ಕೆ, ಏನಿಲ್ಲ ಅತ್ತೆ, ಸ್ವಲ್ಪ ತಲೆನೋವು ಎಂದರೆ, ನೀನು ನಂಬುವುದಿಲ್ಲ. ನನಗೆ ಅಷ್ಟು ಸಾಕು.

ನೂಲಿನ ವ್ಯಾಪಾರದ ಕೆಂಪರಾಜು ನಾಳೆ ಬೆಳಗ್ಗೆ ವ್ಯಾನಿನಲ್ಲಿ ಧರ್ಮಾವರಕ್ಕೆ ಹೋಗುತ್ತಾನೆ. ಈ ಕಾಗದವನ್ನು ಅವನ ಕೈಯಲ್ಲಿ ಕೊಡುತ್ತೇನೆ. ಸೋಮವಾರ ಮಧ್ಯಾಹ್ನ ಹಿಂದಿರುಗುವಾಗ ಅವನ ಜೊತೆಗೇ ಬರಬಹುದು, ಮುಂದಿನ ಸೀಟಿನಲ್ಲಿ ಜಾಗ ಇಡಲು ಹೇಳಿದ್ದೇನೆ. ರೈಲಾದರೆ ದೊಡ್ಡಬಳ್ಳಾಪುರದಲ್ಲಿ ನಿಲ್ಲುವ ಗಾಡಿಯೇ ಎಂದು ಕೇಳಿ ಹತ್ತು. ನಿಮ್ಮಕ್ಕನಿಗೆ ನನ್ನ ನಮಸ್ಕಾರ. ಅವಸರಪಟ್ಟು ನಡೆಯಬೇಡಿ ಎಂದು ಹೇಳು. ಹರ್ಷಿತಳಿಗೆ ಆಶೀರ್ವಾದ. ನಿನ್ನ ಸೊಸೆಯೂ, ಇನ್ನೂ ಹೆಸರಿಡದ ಮೊಮ್ಮಗಳೂ ನಿನ್ನ ದಾರಿ ನೋಡುತ್ತಿದ್ದಾರೆ. ನಾನೂ ನೋಡುತ್ತಿದ್ದೇನೆ. ಶಶಿ ಮಾಡುವ ಸಾರು ಬಾಯಿಗಿಡುವ ಹಾಗಿಲ್ಲ.

ನಿನ್ನ
ದೊಡ್ಡವೆಂಕಟಪ್ಪ

ಮರೆತ ಮಾತು (ಭಾನುವಾರ ಬೆಳಗ್ಗೆ): ಕೆಂಪರಾಜು ವ್ಯಾನ್ ತಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಈಗಷ್ಟೇ ಆಸ್ಪತ್ರೆಗೆ ಹೋಗಿ ಸ್ನೇಹಳಿಗೆ ಗಂಜಿ ಕೊಟ್ಟು ಬಂದೆ. ಲೇಡಿ ಡಾಕ್ಟರ್ ರೌಂಡ್ಸಿಗೆ ಬಂದಿದ್ದರು. ಮಾಸ್ಕ್ ಇಳಿಸಿ ಎಂದು, ನಿನ್ನ ವಿಷಯ ಪೂರ್ತಿ ಹೇಳಿ ಕೇಳಿದೆ, ಅಮಾವಾಸ್ಯೆ, ಮಗ್ಗ, ನಮ್ಮವ್ವನ ಮಾತು, ಏನೂ ಬಿಡದೆ. ಅವರು ನಗಲಿಲ್ಲ. ಅಷ್ಟು ಹಿಂದಿನದನ್ನು ಈಗ ಖಚಿತವಾಗಿ ಹೇಳಲಾಗದು, ಆದರೆ ಊತ, ತಲೆನೋವು, ಕಣ್ಣು ಮಂಜು, ಆಮೇಲೆ ಫಿಟ್ಸ್, ಇಷ್ಟೂ ಇತ್ತು ಎಂದರೆ ಇದೇ ಕಾಯಿಲೆ ಇರಬೇಕು ಎಂದರು. "ಮಗ್ಗಕ್ಕೂ ಇದಕ್ಕೂ ಏನೂ ಇಲ್ಲ ಅಜ್ಜ. ಅವ್ರು ಅವತ್ತು ಕೂತು ನೇಯದೆ ಇದ್ದಿದ್ರೂ ಹೀಗೇ ಆಗ್ತಿತ್ತು. ಅವ್ರಿಗೆ ಹೇಳಿ." ಹೇಳಿದ್ದೇನೆ. ಆಮೇಲೆ ಅವರು ಕೇಳಿದ್ದು, "ಈಗ ಅವ್ರ ಬಿಪಿ ಎಷ್ಟಿದೆ?" ಬಸುರಿನಲ್ಲಿ ಇದು ಬಂದವರಿಗೆ ವಯಸ್ಸಾದ ಮೇಲೆ ಬಿಪಿಯೂ ಹೃದಯದ ತೊಂದರೆಯೂ ಬರುವುದು ಹೆಚ್ಚಂತೆ. ಎಷ್ಟಿದೆಯೋ ಗೊತ್ತಿಲ್ಲ, ಒಂದು ಸಲವೂ ತೋರಿಸಿಲ್ಲ ಎಂದೆ. ನಿನಗೆ ತಲೆನೋವು ಬಂದಾಗಲೆಲ್ಲ ಮಗ್ಗದ ಸದ್ದು ಎಂದು ಕಾಫಿ ಕುಡಿದು ಕೂತಿದ್ದೇವೆ. ಇವತ್ತು ಭಾನುವಾರ, ನಾಳೆ ಬೆಳಗ್ಗೆ ಹರ್ಷಿತಳನ್ನು ಕರೆದುಕೊಂಡು ಅಲ್ಲಿನ ಆಸ್ಪತ್ರೆಗೆ ಹೋಗು. ತೋರಿಸಿಕೊಂಡು, ಆಮೇಲೆ ಹೊರಡು. ಎಷ್ಟು ಬಂತು ಎಂದು ಅವಳ ಫೋನಿನಿಂದ ಶಶಿಗೆ ಕಳಿಸು. ಮೇಲಿನದೂ ಬೇಕು, ಕೆಳಗಿನದೂ ಬೇಕು. ಚೆನ್ನಾಗಿದ್ದೀನಿ ಎಂದು ಮಾತ್ರ ಕಳಿಸಬೇಡ.